ಶಿಕ್ಷಕರ ಶಿಕ್ಷಕಿ ಡಾ. ಮರಿಯಾ ಮಾಂಟೆಸೊರಿ

ವೈದ್ಯನಾಗಬಯಸುವವನಿಗೂ ನ್ಯಾಯವಾದಿಯಾಗಬಯಸುವವನಿಗೂ ಪರೀಕ್ಷೆಯಿರುವಂತೆ ಶಿಕ್ಷಕನಾಗಬಯಸುವವನಿಗೂ ಒಂದು ಪರೀಕ್ಷೆಯುಂಟು. ತರಗತಿಯ ಹೊಸ್ತಿಲನ್ನು ದಾಟುವ ಮುನ್ನ ಅವನು ತನ್ನ ಅರ್ಹತೆಯನ್ನು ಪ್ರಮಾಣಪತ್ರದ ಮೂಲಕ ತೋರಿಸಬೇಕು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಬಂದ ತರುವಾಯ, 2010ರ ಅಧಿಸೂಚನೆಯಂತೆ, ಒಂದರಿಂದ ಎಂಟನೆಯ ತರಗತಿಯವರೆಗೆ ಬೋಧಿಸಲು ನೇಮಕಗೊಳ್ಳಬಯಸುವವರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ ಹೊಂದುವುದು ಅವಶ್ಯವಾಗಿದೆ. ಒಟ್ಟು 150 ಪ್ರಶ್ನೆಗಳು. ಸಾಮಾನ್ಯವಾಗಿ ಶೇಕಡಾ 60 ಅಂಕಗಳು ಬೇಕು. ಈ ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರು ಶಿಶುವಿಕಾಸದ ಭಾಗವನ್ನು ಓದುವಾಗ ಮಾಂಟೆಸೊರಿ ಎಂಬ ಹೆಸರನ್ನು ಕಂಠಪಾಠ ಮಾಡುವುದುಂಟು. ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದನ್ನು ಗುರುತಿಸಿದೊಡನೆ ಆ ಹೆಸರಿನ ಕೆಲಸ ಮುಗಿದಂತಾಗುತ್ತದೆ. ಆದರೆ ಶಿಕ್ಷಕನ ಸಿದ್ಧತೆಯೆಂದರೇನು, ಅದನ್ನು ಯಾವ ಪರೀಕ್ಷೆಯಿಂದ ಅಳೆಯಲು ಸಾಧ್ಯ ಎಂಬ ಪ್ರಶ್ನೆಗೆ ತಮ್ಮ ಬಾಳಿನ ನಾಲ್ಕು ದಶಕಗಳನ್ನೇ ಮುಡಿಪಾಗಿಟ್ಟ ಮಹಿಳೆಯ ಹೆಸರು ಅದು. ಅವರ ಜೀವನವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಶಿಕ್ಷಕರಿಗೂ ಶಿಕ್ಷಕರಾಗಲಿರುವವರಿಗೂ ಉಪಯುಕ್ತವಾದೀತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮರಿಯಾ ಮಾಂಟೆಸೊರಿಯವರು ಜನಿಸಿದ್ದು 1870ನೆಯ ಇಸವಿ ಆಗಸ್ಟ್ 31ರಂದು, ಇಟಲಿ ದೇಶದ ಆಂಕೋನಾ ನಗರದ ಸಮೀಪದಲ್ಲಿರುವ ಕಿಯಾರವಲ್ಲೆ ಎಂಬ ಸಣ್ಣ ಪಟ್ಟಣದಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೋಮ್ ನಗರವು ಇಟಲಿಯ ರಾಜ್ಯಕ್ಕೆ ಸೇರಿತು. ಹೀಗೆ ಹೊಸ ರಾಷ್ಟ್ರವೊಂದು ತನ್ನ ರೂಪವನ್ನು ತಾಳುತ್ತಿದ್ದ ಕಾಲದಲ್ಲಿ ಆ ಮಗು ಕಣ್ಣು ತೆರೆಯಿತು. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ಅಧಿಕಾರಿ, ಹಳೆಯ ಸಂಪ್ರದಾಯಗಳನ್ನು ಗೌರವಿಸುವ ಮನುಷ್ಯ. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯುಳ್ಳವರು. ಮರಿಯಾ ಐದು ವರ್ಷದವರಿದ್ದಾಗ, 1875ರಲ್ಲಿ, ಕುಟುಂಬವು ರೋಮ್ ನಗರಕ್ಕೆ ಬಂದು ನೆಲಸಿತು.

ಆ ಕಾಲದ ಇಟಲಿಯಲ್ಲಿ ಓದಿದ ಹೆಣ್ಣುಮಗಳಿಗೆ ತೆರೆದಿದ್ದ ವೃತ್ತಿಯ ಬಾಗಿಲು ಬಹುಮಟ್ಟಿಗೆ ಒಂದೇ: ಶಿಕ್ಷಕಿಯ ವೃತ್ತಿ. ತಂದೆತಾಯಿಗಳೂ ಮಗಳಿಗೆ ಅದೇ ಮಾರ್ಗವನ್ನು ಸೂಚಿಸಿದರು. ಆದರೆ ಮುಂದೆ ಸಾವಿರಾರು ಶಿಕ್ಷಕರನ್ನು ರೂಪಿಸಲಿದ್ದ ಈ ಬಾಲಿಕೆ ಅಂದು ಆ ಸಲಹೆಯನ್ನು ನಿರಾಕರಿಸಿದಳು. ಬೇರೆ ದಾರಿಯಿಲ್ಲದ್ದರಿಂದ ಹಿಡಿಯಬೇಕಾದ ದಾರಿ ಅವಳಿಗೆ ಒಪ್ಪಿಗೆಯಾಗಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಗಂಡುಮಕ್ಕಳಿಗೆಂದೇ ಇದ್ದ ತಾಂತ್ರಿಕ ಶಾಲೆಯನ್ನು ಸೇರಿ ಗಣಿತ, ವಿಜ್ಞಾನಗಳನ್ನು ಅಭ್ಯಸಿಸಿದಳು. ಮೊದಲು ಎಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಬಳಿಕ ಮನಸ್ಸು ವೈದ್ಯಶಾಸ್ತ್ರದತ್ತ ತಿರುಗಿತು.

1890ರಲ್ಲಿ ರೋಮ್ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿ, ಮೊದಲು ಪ್ರಕೃತಿ ವಿಜ್ಞಾನಗಳನ್ನು ಮುಗಿಸಿ, 1893ರಲ್ಲಿ ವೈದ್ಯಕೀಯ ವಿಭಾಗಕ್ಕೆ ಸೇರಿದ ಮರಿಯಾ ಅಲ್ಲಿ ಅನುಭವಿಸಿದ ಕಷ್ಟಗಳು ಹಲವು. ಪುರುಷ ವಿದ್ಯಾರ್ಥಿಗಳ ಜೊತೆಯಲ್ಲಿ ಶವಚ್ಛೇದನ ಮಾಡುವುದು ಹೆಣ್ಣಿಗೆ ಸಲ್ಲದೆಂಬ ಕಾರಣದಿಂದ ಎಲ್ಲರೂ ಹೋದ ಮೇಲೆ ಏಕಾಂಗಿಯಾಗಿ ಆ ಕೊಠಡಿಯಲ್ಲಿ ಅಭ್ಯಾಸ ಮಾಡಬೇಕಾಗುತ್ತಿತ್ತು. ಅಲ್ಲಿಯ ದುರ್ವಾಸನೆಯನ್ನು ತಡೆಯಲು ತಂಬಾಕಿನ ಹೊಗೆಯನ್ನು ಆಶ್ರಯಿಸಿದರೆಂದೂ ಹೇಳುತ್ತಾರೆ. ಇಷ್ಟೆಲ್ಲವನ್ನೂ ಸಹಿಸಿ 1896ರಲ್ಲಿ ಅವರು ವೈದ್ಯಕೀಯ ಪದವಿಯನ್ನು ಪಡೆದರು. ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಅವರೊಬ್ಬರು. ಅದೇ ವರ್ಷ ಬರ್ಲಿನ್ ನಗರದಲ್ಲಿ ನೆರೆದ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪ್ರತಿನಿಧಿಯಾಗಿ ಭಾಗವಹಿಸಿ, ದುಡಿಯುವ ಹೆಣ್ಣಿಗೆ ಗಂಡಿನಷ್ಟೇ ಕೂಲಿ ದೊರೆಯಬೇಕೆಂದು ವಾದಿಸಿದರು.

ನಿಜವಾದ ಪದವಿ

ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯೆಯಾಗಿದ್ದ ಅವಧಿಯಲ್ಲಿ ಅವರು ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳನ್ನು ಆ ದಿನಗಳಲ್ಲಿ ಅಲ್ಲಿಯೇ ಕೂಡಿಹಾಕುತ್ತಿದ್ದರು. ಆಡಲು ವಸ್ತುವಿಲ್ಲ, ಮುಟ್ಟಿ ನೋಡಲು ಪದಾರ್ಥವಿಲ್ಲ. ಬರಿಯ ಗೋಡೆಗಳ ನಡುವೆ ಆ ಮಕ್ಕಳ ದಿನಗಳು ಉರುಳುತ್ತಿದ್ದವು. ಈ ಮಕ್ಕಳಿಗೆ ಬೇಕಾಗಿರುವುದು ಔಷಧಕ್ಕಿಂತ ಹೆಚ್ಚಾಗಿ ಶಿಕ್ಷಣ ಎಂಬ ನಿಲುವಿಗೆ ಆ ತರುಣ ವೈದ್ಯೆ ಬಂದರು. ಫ್ರಾನ್ಸ್ ದೇಶದ ಇಟಾರ್ ಮತ್ತು ಸೆಗ್ಯಾಂ ಎಂಬ ಹಿಂದಿನ ತಲೆಮಾರಿನ ವೈದ್ಯರು ಇದೇ ದಿಕ್ಕಿನಲ್ಲಿ ಶ್ರಮಿಸಿದ್ದರು. ಮರೆತುಹೋಗಿದ್ದ ಅವರ ಗ್ರಂಥಗಳನ್ನು ಹುಡುಕಿ ತೆಗೆದು, ಒಂದೊಂದು ಮಾತಿನ ಅರ್ಥವೂ ಮನಸ್ಸಿನಲ್ಲಿ ಇಳಿಯಲೆಂದು, ಇಟಾಲಿಯನ್ ಭಾಷೆಗೆ ಸ್ವಹಸ್ತದಿಂದ ಬರೆದುಕೊಂಡರು.

1900ರಲ್ಲಿ ರೋಮ್ ನಗರದಲ್ಲಿ ಇಂತಹ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರನ್ನು ತಯಾರು ಮಾಡುವ ತರಬೇತಿ ಶಾಲೆಯೊಂದು ಪ್ರಾರಂಭವಾದಾಗ ಮಾಂಟೆಸೊರಿಯವರು ಅದರ ನಿರ್ದೇಶಕರಲ್ಲಿ ಒಬ್ಬರಾದರು. ಶಾಲೆಗೆ ಹೊಂದಿಕೊಂಡೇ ಮಕ್ಕಳ ಅಭ್ಯಾಸ ತರಗತಿಯೊಂದಿತ್ತು. ಶಿಕ್ಷಕರಿಗೆ ಉಪನ್ಯಾಸ ಮಾಡುವುದಷ್ಟರಿಂದಲೇ ತೃಪ್ತರಾಗದೆ, ಬೆಳಗಿನಿಂದ ಸಂಜೆಯವರೆಗೆ ಸ್ವತಃ ಮಕ್ಕಳೊಡನೆ ಕುಳಿತು ಪಾಠ ಹೇಳಿದರು. ರಾತ್ರಿ ಆ ದಿನ ಕಂಡದ್ದನ್ನೆಲ್ಲ ಬರೆದಿಟ್ಟು ವಿಶ್ಲೇಷಿಸಿದರು. ಈ ಮಕ್ಕಳ ನಡುವೆ ಕಳೆದ ಎರಡು ವರ್ಷಗಳೇ ಶಿಕ್ಷಣಶಾಸ್ತ್ರದಲ್ಲಿ ತಾವು ಪಡೆದ ಮೊದಲ ಹಾಗೂ ನಿಜವಾದ ಪದವಿಯೆಂದು ಅವರು ಮುಂದೆ ಬರೆದಿರುವುದುಂಟು. ವಿಶ್ವವಿದ್ಯಾನಿಲಯದ ಪದವಿಯನ್ನು ಅಷ್ಟೊಂದು ಕಷ್ಟಪಟ್ಟು ಗಳಿಸಿದವರು ಆಡಿದ ಮಾತು ಇದೆಂಬುದನ್ನು ನಾವು ಮರೆಯಬಾರದು.

ಕಲಿಯಲಾರವೆಂದು ಸಮಾಜ ಕೈಬಿಟ್ಟಿದ್ದ ಆ ಮಕ್ಕಳಲ್ಲಿ ಕೆಲವರು ಓದುಬರಹ ಕಲಿತು, ಸಾಮಾನ್ಯ ಶಾಲೆಗಳ ಮಕ್ಕಳ ಜೊತೆಯಲ್ಲಿ ಸಾರ್ವಜನಿಕ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ನೋಡಿದವರು ಇದನ್ನು ಪವಾಡವೆಂದು ಕೊಂಡಾಡಿದರು. ಮಾಂಟೆಸೊರಿಯವರ ಯೋಚನೆ ಬೇರೆ ದಿಕ್ಕಿನಲ್ಲಿ ಹರಿಯಿತು. ನ್ಯೂನತೆಯುಳ್ಳ ಮಕ್ಕಳು ಸರಿಯಾದ ಮಾರ್ಗದರ್ಶನದಿಂದ ಇಷ್ಟು ಎತ್ತರಕ್ಕೆ ಏರಬಲ್ಲರಾದರೆ, ಆರೋಗ್ಯವಂತರಾದ ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ ಅವರ ಮಟ್ಟದಲ್ಲಿಯೇ ಏಕೆ ನಿಂತಿದ್ದಾರೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ತಪ್ಪು ಮಕ್ಕಳಲ್ಲಿಲ್ಲ, ಕಲಿಸುವ ರೀತಿಯಲ್ಲಿದೆ ಎಂಬ ತೀರ್ಮಾನ ಅಲ್ಲಿಂದ ಮೊಳೆಯಿತು.

ಇದೇ ಕಾಲದಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ದುಃಖ ಬೇರೂರಿತ್ತು. 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗ ಜನಿಸಿದ್ದನು. ವಿವಾಹದ ಹೊರಗೆ ಹುಟ್ಟಿದ ಮಗುವನ್ನು ಬಹಿರಂಗವಾಗಿ ಸಾಕುವುದು ಆ ಸಮಾಜದಲ್ಲಿ ಅಸಾಧ್ಯವಾಗಿದ್ದುದರಿಂದ ಮಗು ಹಳ್ಳಿಯ ಕುಟುಂಬವೊಂದರ ಆಶ್ರಯದಲ್ಲಿ ಬೆಳೆಯಿತು. ಲೋಕದ ಮಕ್ಕಳ ಮನಸ್ಸನ್ನು ಅರಿಯಲು ಹೊರಟ ತಾಯಿಗೆ ತನ್ನ ಮಗುವನ್ನು ಆಗಾಗ್ಗೆ ಹೋಗಿ ನೋಡಿಬರುವಷ್ಟೇ ಭಾಗ್ಯವಿತ್ತು. ಮಾರಿಯೋ ತಾಯಿಯ ಬಳಿಗೆ ಬಂದು ಸೇರಿದ್ದು ಸುಮಾರು ಹದಿನೈದನೆಯ ವಯಸ್ಸಿನಲ್ಲಿ.

ಪ್ರಮಾಣಪತ್ರವಿಲ್ಲದ ಶಿಕ್ಷಕಿ

ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡಾವಣೆ ಅಂದು ಬಡವರ ಬೀಡು. ಅಲ್ಲಿಯ ಹಳೆಯ ವಠಾರಗಳನ್ನು ದುರಸ್ತಿಗೊಳಿಸಿದ ಸಂಸ್ಥೆಯೊಂದಕ್ಕೆ ಹೊಸ ತೊಂದರೆ ಎದುರಾಯಿತು. ತಂದೆತಾಯಿಗಳು ಕೂಲಿಗೆ ಹೋದ ಮೇಲೆ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳ ಮೇಲೆ ಅಲೆಯುತ್ತ ಗೋಡೆಗಳನ್ನು ಹಾಳುಗೆಡವುತ್ತಿದ್ದರು. ಅವರನ್ನು ಒಂದು ಕೊಠಡಿಯಲ್ಲಿ ಕೂಡಿಸಿ ನೋಡಿಕೊಳ್ಳುವ ವ್ಯವಸ್ಥೆ ಮಾಡಬೇಕೆಂದು ಸಂಸ್ಥೆಯವರು ಮಾಂಟೆಸೊರಿಯವರನ್ನು ಕೋರಿದರು. ಹೀಗೆ ಗೋಡೆಗಳ ರಕ್ಷಣೆಗೆಂದು ಆರಂಭವಾದ ಕಾರ್ಯ ಮಕ್ಕಳ ಶಿಕ್ಷಣದ ಚರಿತ್ರೆಯನ್ನೇ ಬದಲಿಸಿತು. 1907ನೆಯ ಇಸವಿ ಜನವರಿ 6ರಂದು ಐವತ್ತಕ್ಕೂ ಹೆಚ್ಚು ಮಕ್ಕಳೊಡನೆ ಮೊದಲ ಶಿಶುಗೃಹ ತೆರೆಯಿತು.

ಅಲ್ಲಿ ಮಕ್ಕಳ ಹೊಣೆಯನ್ನು ಹೊತ್ತ ತರುಣಿ ಶಿಕ್ಷಕ ತರಬೇತಿಯನ್ನು ಪಡೆದವಳಲ್ಲ. ಮಾಂಟೆಸೊರಿಯವರು ಇದನ್ನು ಕೊರತೆಯೆಂದು ಎಣಿಸಲಿಲ್ಲ. ಅಂದಿನ ತರಬೇತಿ ಶಾಲೆಗಳು ಕಲಿಸುತ್ತಿದ್ದುದು ಮಕ್ಕಳನ್ನು ಬೆಂಚಿನ ಮೇಲೆ ಅಲುಗದಂತೆ ಕೂರಿಸುವ, ಬಹುಮಾನ ಮತ್ತು ದಂಡನೆಗಳಿಂದ ಹತೋಟಿಯಲ್ಲಿಡುವ ವಿದ್ಯೆಯನ್ನು. ಅದನ್ನು ಕಲಿಯದವಳಿಗೆ ಅದನ್ನು ಮರೆಯುವ ಶ್ರಮವಿರಲಿಲ್ಲ. ಉಪಕರಣಗಳನ್ನು ಹೇಗೆ ತೋರಿಸಬೇಕೆಂಬುದನ್ನಷ್ಟೇ ಆಕೆಗೆ ಹೇಳಿಕೊಟ್ಟು, ಆ ಮೇಲೆ ಮಕ್ಕಳು ಮಾಡುವುದನ್ನು ಅಡ್ಡಿಪಡಿಸದೆ ನೋಡಿ ತಮಗೆ ವರದಿ ಮಾಡುವಂತೆ ಸೂಚಿಸಿದರು.

ಅಲ್ಲಿ ಕಂಡುಬಂದ ಸಂಗತಿಗಳು ಅವರನ್ನೇ ಬೆರಗುಗೊಳಿಸಿದವು. ಮೂರು ವರ್ಷದ ಆಸುಪಾಸಿನ ಹೆಣ್ಣುಮಗುವೊಂದು ಮರದ ದಿಮ್ಮಿಯ ಕುಳಿಗಳಲ್ಲಿ ಅಳತೆಗೆ ಸರಿಯಾದ ಗುಂಡುಗಳನ್ನು ಕೂರಿಸಿ, ತೆಗೆದು, ಮತ್ತೆ ಕೂರಿಸುತ್ತಿತ್ತು. ಸುತ್ತ ಹಾಡುವ ಮಕ್ಕಳಿದ್ದರೂ, ಅದು ಕುಳಿತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ ಮಗುವಿನ ಏಕಾಗ್ರತೆ ಕದಡಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಆ ಕೆಲಸವನ್ನು ಮಾಡಿ, ನಿದ್ದೆಯಿಂದ ಎದ್ದ ಮಗುವಿನಂತೆ ಪ್ರಸನ್ನವಾಗಿ ನಿಲ್ಲಿಸಿತು. ಇನ್ನೊಂದು ದಿನ ಶಿಕ್ಷಕಿ ತಡವಾಗಿ ಬಂದಳು. ಹಿಂದಿನ ದಿನ ಉಪಕರಣಗಳ ಕಪಾಟಿಗೆ ಬೀಗ ಹಾಕಲು ಮರೆತಿದ್ದಳು. ಮಕ್ಕಳು ಆಗಲೇ ಕಪಾಟನ್ನು ತೆರೆದು ತಮಗೆ ಬೇಕಾದುದನ್ನು ಎತ್ತಿಕೊಳ್ಳುತ್ತಿದ್ದರು. ಶಿಕ್ಷಕಿಗೆ ಅದು ಕಳ್ಳತನದಂತೆ ತೋರಿತು. ಮಾಂಟೆಸೊರಿಯವರಿಗಾದರೋ ಮಕ್ಕಳು ತಮ್ಮ ಕೆಲಸವನ್ನು ತಾವೇ ಆರಿಸಿಕೊಳ್ಳಬಲ್ಲರೆಂಬುದು ಹೊಳೆಯಿತು. ಅಂದಿನಿಂದ ಬೀಗದ ಕಪಾಟಿನ ಬದಲು ಮಕ್ಕಳ ಕೈಗೆ ಎಟಕುವ ತಗ್ಗಾದ ಕಪಾಟುಗಳು ಬಂದವು. ಒಂದೇ ದೃಶ್ಯವನ್ನು ಕಂಡ ಇಬ್ಬರಲ್ಲಿ ಒಬ್ಬರು ಅಪರಾಧವನ್ನು ಕಂಡರು, ಇನ್ನೊಬ್ಬರು ಮಗುವನ್ನು ಕಂಡರು. ಶಿಕ್ಷಕನ ಸಿದ್ಧತೆಯೆಂಬುದು ಈ ಎರಡು ನೋಟಗಳ ನಡುವಿನ ಅಂತರದಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ತರಬೇತಿ ಮತ್ತು ಪರೀಕ್ಷೆ

ಶಿಶುಗೃಹದ ಕೀರ್ತಿ ಹಬ್ಬಿದಂತೆ ಅದನ್ನು ತಮ್ಮೂರಲ್ಲಿ ತೆರೆಯಬಯಸುವವರು ಹೆಚ್ಚಿದರು. 1909ರಲ್ಲಿ ಚಿಟ್ಟಾ ದಿ ಕಾಸ್ಟೆಲ್ಲೊ ಎಂಬ ಊರಿನಲ್ಲಿ ಸುಮಾರು ನೂರು ಮಂದಿಗಾಗಿ ಮೊದಲ ಶಿಕ್ಷಕ ತರಬೇತಿ ನಡೆಯಿತು. ಅದೇ ವರ್ಷ ಅವರ ಪದ್ಧತಿಯನ್ನು ವಿವರಿಸುವ ಗ್ರಂಥವೂ ಹೊರಬಂದು, ಕೆಲವೇ ವರ್ಷಗಳಲ್ಲಿ ಹಲವು ಭಾಷೆಗಳಿಗೆ ಅನುವಾದವಾಯಿತು. ಬರಬರುತ್ತ ಮಾಂಟೆಸೊರಿಯವರು ವೈದ್ಯವೃತ್ತಿಯನ್ನೂ ವಿಶ್ವವಿದ್ಯಾನಿಲಯದ ಅಧ್ಯಾಪನವನ್ನೂ ತೊರೆದು ಈ ಒಂದೇ ಕಾರ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. 1913ರಲ್ಲಿ ರೋಮ್ ನಗರದಲ್ಲಿ ಮೊದಲ ಅಂತರರಾಷ್ಟ್ರೀಯ ತರಬೇತಿ ನಡೆಯಿತು. 1919ರಲ್ಲಿ ಲಂಡನ್ನಿನಲ್ಲಿ ತರಬೇತಿಯನ್ನು ಏರ್ಪಡಿಸಿದಾಗ 250 ಸ್ಥಾನಗಳಿಗೆ ಸುಮಾರು 2000 ಅರ್ಜಿಗಳು ಬಂದುವಂತೆ.

ಆ ತರಬೇತಿಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 50 ಗಂಟೆಗಳ ಉಪನ್ಯಾಸ. 50 ಗಂಟೆಗಳ ಕಾಲ ಉಪಕರಣಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ. 50 ಗಂಟೆಗಳ ಕಾಲ ಮಕ್ಕಳಿರುವ ತರಗತಿಯಲ್ಲಿ ಕುಳಿತು ನೋಡುವುದು. ಕೇಳುವುದಕ್ಕೆ ಎಷ್ಟು ವೇಳೆಯೋ ಸುಮ್ಮನೆ ನೋಡುವುದಕ್ಕೂ ಅಷ್ಟೇ ವೇಳೆ! ಮಾತನಾಡದೆ, ನಡುವೆ ಪ್ರವೇಶಿಸದೆ, ಮಗುವೊಂದು ಯಾವ ವಸ್ತುವನ್ನು ಆರಿಸಿತು, ಎಷ್ಟು ಹೊತ್ತು ಅದರಲ್ಲಿ ತೊಡಗಿತು, ಎಲ್ಲಿ ತಡವರಿಸಿತು ಎಂಬುದನ್ನು ಪ್ರಶಿಕ್ಷಣಾರ್ಥಿ ಗಮನಿಸಬೇಕು. ವೈದ್ಯೆಯಾಗಿದ್ದ ಮಾಂಟೆಸೊರಿಯವರು ರೋಗಿಯನ್ನು ಪರೀಕ್ಷಿಸದೆ ಮದ್ದು ಕೊಡುವ ವೈದ್ಯನನ್ನು ಒಪ್ಪದವರು. ಮಗುವನ್ನು ನೋಡದೆ ಪಾಠ ಹೇಳುವ ಶಿಕ್ಷಕನನ್ನೂ ಅವರು ಒಪ್ಪಲಿಲ್ಲ.

ಪ್ರತಿಯೊಂದು ಉಪಕರಣವನ್ನು ಮಗುವಿಗೆ ಪರಿಚಯಿಸುವ ಬಗೆಯನ್ನು ಪ್ರಶಿಕ್ಷಣಾರ್ಥಿ ತನ್ನ ಕೈಯಿಂದಲೇ ಬರೆದು, ಚಿತ್ರ ಬಿಡಿಸಿ, ಪುಸ್ತಕವಾಗಿ ಸಿದ್ಧಪಡಿಸಬೇಕಾಗಿತ್ತು. ಹತ್ತು ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಕ್ರಮವಾಗಿ ಕಿರಿದಾಗುವ ಹತ್ತು ಘನಗಳ ಗುಲಾಬಿ ಗೋಪುರ, ಬೆರಳಿನಿಂದ ಸವರಿ ಕಲಿಯುವ ಮರಳುಕಾಗದದ ಅಕ್ಷರಗಳು, ಬಣ್ಣದ ಫಲಕಗಳು ಮೊದಲಾದವು ಆ ಉಪಕರಣಗಳು. ಹೆಸರನ್ನು ಕಲಿಸುವಾಗ ಸೆಗ್ಯಾಂ ಅವರಿಂದ ಬಂದ ಮೂರು ಹಂತಗಳ ಪಾಠವನ್ನು ಅನುಸರಿಸುತ್ತಿದ್ದರು. ಮೊದಲು ಇದು ಕೆಂಪು, ಇದು ನೀಲಿ ಎಂದು ಹೇಳುವುದು. ಎರಡನೆಯದಾಗಿ ಕೆಂಪನ್ನು ಕೊಡು, ನೀಲಿಯನ್ನು ಕೊಡು ಎಂದು ಕೇಳುವುದು. ಕೊನೆಗೆ ಒಂದನ್ನು ತೋರಿಸಿ ಇದಾವುದೆಂದು ಪ್ರಶ್ನಿಸುವುದು. ಮಗು ತಪ್ಪಿದರೆ ಗದರಬಾರದು, ಒತ್ತಾಯಿಸಬಾರದು. ಮಗು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿದು ಪಾಠವನ್ನು ಅಲ್ಲಿಗೇ ನಿಲ್ಲಿಸಬೇಕು. ಪಾಠ ಚಿಕ್ಕದಾಗಿರಬೇಕು, ಮಾತು ಮಿತವಾಗಿರಬೇಕು. ಹೆಚ್ಚು ಬಲ್ಲವನಿಗೆ ಇದು ಕಷ್ಟದ ಸಾಧನೆ. ಕಲಿತದ್ದನ್ನೆಲ್ಲ ಹೇಳಿಬಿಡಬೇಕೆಂಬ ಚಪಲವನ್ನು ಗೆಲ್ಲುವುದು ಸುಲಭವೇ?

ಕೊನೆಯಲ್ಲಿ ಲಿಖಿತ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ. ಮೌಖಿಕದಲ್ಲಿ ಪರೀಕ್ಷಕರ ಮುಂದೆ ಉಪಕರಣವನ್ನು ತೆಗೆದುಕೊಂಡು, ಎದುರಿಗೆ ಮಗುವೇ ಇದೆಯೆಂಬಂತೆ ಅದನ್ನು ಪರಿಚಯಿಸಿ ತೋರಿಸಬೇಕು. ಇದಕ್ಕಿಂತಲೂ ಮಿಗಿಲಾದ ಸಿದ್ಧತೆಯೊಂದನ್ನು ಮಾಂಟೆಸೊರಿಯವರು ಒತ್ತಿ ಹೇಳುತ್ತಿದ್ದರು. ಅದು ಅಂತರಂಗದ ಸಿದ್ಧತೆ. ಶಿಕ್ಷಕನು ತನ್ನೊಳಗಿರುವ ಕೋಪವನ್ನೂ ಅಹಂಕಾರವನ್ನೂ ಗುರುತಿಸಿ ಹೊರಹಾಕಬೇಕು, ಇಲ್ಲವಾದರೆ ಎಷ್ಟು ಓದಿದ್ದರೂ ಮಗು ಅವನ ಕಣ್ಣಿಗೆ ಬೀಳದು ಎಂಬುದು ಅವರ ಉಪದೇಶದ ತಿರುಳು. ಈ ವಿಷಯಕ್ಕೆ ಪ್ರಶ್ನಪತ್ರಿಕೆಯಿಲ್ಲ, ಅಂಕಗಳಿಲ್ಲ. ಪ್ರತಿದಿನ ತರಗತಿಯಲ್ಲಿ ಮಕ್ಕಳೇ ಅದರ ಪರೀಕ್ಷಕರು.

ಕಟ್ಟುನಿಟ್ಟಿನ ಬೆಲೆ

ಮಹನೀಯರ ಜೀವನವನ್ನು ಬರೆಯುವಾಗ ಬರಿಯ ಸ್ತುತಿ ಸಾಲದು. ಪ್ರಮಾಣಪತ್ರದ ವಿಷಯದಲ್ಲಿ ಮಾಂಟೆಸೊರಿಯವರು ಬಹು ಬಿಗಿಯಾದ ನಿಲುವನ್ನು ತಳೆದಿದ್ದರು. ಅವರಿಂದ ಪ್ರಮಾಣಪತ್ರ ಪಡೆದವರು ಮಕ್ಕಳಿಗೆ ಕಲಿಸಬಹುದಾಗಿತ್ತು, ಆದರೆ ಇತರರಿಗೆ ತರಬೇತಿ ನೀಡುವ ಅಧಿಕಾರ ಅವರಿಗಿರಲಿಲ್ಲ. ಆ ಹಕ್ಕನ್ನು ಮಾಂಟೆಸೊರಿಯವರು ಬಹುಕಾಲ ತಮ್ಮಲ್ಲಿಯೇ ಉಳಿಸಿಕೊಂಡರು. ಅರೆಬರೆ ತಿಳಿದವರ ಕೈಗೆ ಸಿಕ್ಕಿದರೆ ಪದ್ಧತಿಯ ಹೆಸರು ಉಳಿದು ಜೀವ ಹೋಗುವುದೆಂಬ ಭಯ ಅವರದು. ತರಬೇತಿಯ ಶುಲ್ಕವೂ ಗ್ರಂಥಗಳ ಆದಾಯವೂ ಅವರ ಜೀವನಾಧಾರವಾಗಿದ್ದುದೂ ಸತ್ಯ. ಇದರಿಂದ ಹಲವು ಆಪ್ತರು ದೂರ ಸರಿದರು. ಅಮೆರಿಕದಲ್ಲಿ 1913ರಲ್ಲಿ ಅಪಾರ ಉತ್ಸಾಹದಿಂದ ಬರಮಾಡಿಕೊಂಡ ಜನರ ಆಸಕ್ತಿ ಕೆಲವೇ ವರ್ಷಗಳಲ್ಲಿ ಬತ್ತಿತು. 1914ರಲ್ಲಿ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ ಅವರು ಬರೆದ ಕಟುವಿಮರ್ಶೆಯೂ ಅದಕ್ಕೆ ಒಂದು ಕಾರಣವಾಯಿತು.

ಅವರ ಭಯ ನಿರಾಧಾರವಾಗಿತ್ತೆಂದು ಹೇಳುವಂತಿಲ್ಲ. ಇಂದು ನಮ್ಮ ಊರುಗಳಲ್ಲಿ ಮಾಂಟೆಸೊರಿ ಎಂಬ ಹೆಸರನ್ನು ಫಲಕದ ಮೇಲೆ ಬರೆದುಕೊಂಡು, ಒಳಗೆ ಮೂರು ವರ್ಷದ ಮಗುವಿನ ಕೈಯಲ್ಲಿ ಪುಟಗಟ್ಟಲೆ ಅಕ್ಷರ ತಿದ್ದಿಸುವ ಶಾಲೆಗಳಿಲ್ಲವೇ? ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಅವರು ಮಾಂಟೆಸೊರಿಯವರ ವಿಚಾರಗಳನ್ನು ಪುಸ್ತಕದ ಮೂಲಕ ಅರಿತು, ವೃತ್ತಿಯನ್ನು ಬಿಟ್ಟು, 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಮಾಂಟೆಸೊರಿಯವರ ಕೈಯಿಂದ ಪ್ರಮಾಣಪತ್ರ ಪಡೆಯುವ ಅವಕಾಶ ಅವರಿಗೆ ಒದಗಲಿಲ್ಲ. ಆಕೆ ಭಾರತಕ್ಕೆ ಬರುವ ಕೆಲವು ತಿಂಗಳ ಮೊದಲೇ, 1939ರಲ್ಲಿ, ಅವರು ತೀರಿಕೊಂಡರು. ಆದರೂ ಕಥೆ, ಹಾಡು, ನಾಟಕಗಳನ್ನು ಬೆರೆಸಿ ಆ ವಿಚಾರಗಳನ್ನು ನಮ್ಮ ಮಣ್ಣಿಗೆ ಒಗ್ಗಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಪ್ರಮಾಣಪತ್ರವಿದ್ದೂ ಮಗುವನ್ನು ಕಾಣದವರು ಇರಬಹುದು. ಅದಿಲ್ಲದೆಯೂ ಕಂಡವರು ಇರಬಹುದು. ಆದಾಗ್ಯೂ ಗಿಜುಭಾಯಿಯವರು ಸಿದ್ಧತೆಯಿಲ್ಲದೆ ಮಕ್ಕಳ ಮುಂದೆ ನಿಂತವರಲ್ಲ; ಅಧ್ಯಯನವನ್ನೂ ಪ್ರಯೋಗವನ್ನೂ ಅವರು ಬಾಳಿನುದ್ದಕ್ಕೂ ನಡೆಸಿದರು.

ಭಾರತದಲ್ಲಿ

ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ ಮೊದಲು ಮಾಂಟೆಸೊರಿಯವರಿಗೆ ಬೆಂಬಲ ನೀಡಿತು. ಅವರೂ ಅದನ್ನು ಸ್ವೀಕರಿಸಿದರು. ಆದರೆ ಮಗುವಿನ ಸ್ವಾತಂತ್ರ್ಯವನ್ನು ಸಾರುವ ಶಿಕ್ಷಣವೂ ಮಕ್ಕಳಿಗೆ ಸಮವಸ್ತ್ರ ತೊಡಿಸಿ ವಿಧೇಯ ಸೈನಿಕರನ್ನಾಗಿಸುವ ಆಡಳಿತವೂ ಬಹುಕಾಲ ಒಟ್ಟಿಗೆ ನಡೆಯುವುದು ಶಕ್ಯವಿರಲಿಲ್ಲ. 1934ರ ವೇಳೆಗೆ ಸಂಬಂಧ ಕಡಿದು ಅವರು ತಾಯ್ನಾಡನ್ನು ತೊರೆದರು; ಅಲ್ಲಿಯ ಅವರ ಶಾಲೆಗಳು ಮುಚ್ಚಲ್ಪಟ್ಟವು. ನಾಜಿಗಳ ಜರ್ಮನಿಯಲ್ಲಿಯೂ ಹಾಗೆಯೇ ಆಯಿತು. ಬಾರ್ಸಿಲೋನಾದಲ್ಲಿ ನೆಲೆ ಕಂಡಿದ್ದರೂ 1936ರ ಅಂತರ್ಯುದ್ಧ ಅವರನ್ನು ಅಲ್ಲಿಂದಲೂ ಎಬ್ಬಿಸಿತು. ಆ ಬಳಿಕ ಹಾಲೆಂಡ್ ದೇಶ ಆಶ್ರಯ ನೀಡಿತು.

ಮದ್ರಾಸಿನ ಅಡಯಾರಿನಲ್ಲಿರುವ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ ರುಕ್ಮಿಣೀದೇವಿಯವರ ಆಹ್ವಾನವನ್ನು ಮನ್ನಿಸಿ, 1939ರ ನವೆಂಬರಿನಲ್ಲಿ ಮಾಂಟೆಸೊರಿಯವರು ಮಗ ಮಾರಿಯೋ ಅವರೊಡನೆ ಭಾರತಕ್ಕೆ ಬಂದಿಳಿದರು. ಆಗ ಅವರಿಗೆ ಅರವತ್ತೊಂಬತ್ತು ವರ್ಷ. ದೇಶದ ನಾನಾ ಭಾಗಗಳಿಂದ ಬಂದ 300ರಷ್ಟು ಮಂದಿ ಮೊದಲ ತರಬೇತಿಗೆ ಸೇರಿದರು. ಮಾಂಟೆಸೊರಿಯವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡುತ್ತಿದ್ದರು. ಮಾರಿಯೋ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಕೇಳಿದವರು ಅದನ್ನು ತಮ್ಮ ತಮ್ಮ ತಾಯ್ನುಡಿಯಲ್ಲಿ ಮಕ್ಕಳ ಬಳಿಗೆ ಒಯ್ಯಬೇಕಾಗಿತ್ತು.

ಕೆಲವು ತಿಂಗಳಿಗೆಂದು ಬಂದವರನ್ನು ಯುದ್ಧವು ಏಳು ವರ್ಷಗಳ ಸಮೀಪ ಇಲ್ಲಿಯೇ ತಡೆಯಿತು. 1940ರ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕೆ ಇಳಿದೊಡನೆ ಬ್ರಿಟಿಷ್ ಸರ್ಕಾರದ ದೃಷ್ಟಿಯಲ್ಲಿ ಇಬ್ಬರೂ ಶತ್ರುದೇಶದ ಪ್ರಜೆಗಳಾದರು. ಮಾರಿಯೋ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ತಾಯಿ ಅಡಯಾರಿನ ಆವರಣವನ್ನು ಬಿಟ್ಟು ಹೋಗುವಂತಿರಲಿಲ್ಲ. ಆಗಸ್ಟ್ 31ರಂದು ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ವೈಸರಾಯರಿಂದ ತಂತಿ ಬಂತು. ಜನ್ಮದಿನದ ಕಾಣಿಕೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗಿದೆಯೆಂಬುದು ಅದರ ಒಕ್ಕಣೆ. ನಾಲ್ಕು ದಶಕಗಳ ಕಾಲ ಸೋದರಳಿಯನೆಂದೋ ದತ್ತುಪುತ್ರನೆಂದೋ ಲೋಕಕ್ಕೆ ಪರಿಚಯಿಸಬೇಕಾಗಿದ್ದ ಮಾರಿಯೋ ಅವರನ್ನು ಆ ಸರ್ಕಾರಿ ತಂತಿ ಮಗನೆಂದೇ ಕರೆದಿತ್ತು. ಅನ್ಯದೇಶದಲ್ಲಿ, ನಿರ್ಬಂಧದ ನಡುವೆ, ಆ ತಾಯಿಗೆ ದೊರೆತ ಸಂತೋಷವನ್ನು ಊಹಿಸಬಹುದು.

ಮುಂದೆ ಕೊಡೈಕೆನಾಲಿನ ಬೆಟ್ಟದ ಮೇಲೆ ಕಳೆದ ವರ್ಷಗಳಲ್ಲಿ ದೊಡ್ಡ ಮಕ್ಕಳ ಶಿಕ್ಷಣದ ಬಗ್ಗೆ ಹೊಸ ಪ್ರಯೋಗಗಳು ನಡೆದವು. ಅಹಮದಾಬಾದ್, ಕರಾಚಿ ಮತ್ತು ಸಿಂಹಳದಲ್ಲಿಯೂ ತರಬೇತಿಗಳು ನಡೆದವು. ಈ ಅವಧಿಯಲ್ಲಿ ಅವರಿಂದ ತರಬೇತಿ ಪಡೆದ ಶಿಕ್ಷಕರ ಸಂಖ್ಯೆ ಸಾವಿರವನ್ನು ಮೀರಿತು. 1946ರಲ್ಲಿ ಯುರೋಪಿಗೆ ಹಿಂದಿರುಗಿದರೂ, ಮರುವರ್ಷ ಮತ್ತೆ ಬಂದು ತರಬೇತಿಗಳನ್ನು ಮುಂದುವರಿಸಿದರು. ಶಿಶುವಿನ ಮೊದಲ ಆರು ವರ್ಷಗಳ ಮನಸ್ಸನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಅಹಮದಾಬಾದಿನಲ್ಲಿ ಶಿಕ್ಷಕರಿಗೆ ನೀಡಿದ ಉಪನ್ಯಾಸಗಳಿಂದಲೇ ರೂಪುಗೊಂಡು 1949ರಲ್ಲಿ ಮದ್ರಾಸಿನಲ್ಲಿ ಪ್ರಕಟವಾಯಿತು. ಮಕ್ಕಳ ಮೂಲಕ ಶಾಂತಿಯನ್ನು ಸಾಧಿಸುವ ಅವರ ಕಾರ್ಯಕ್ಕಾಗಿ 1949, 1950 ಮತ್ತು 1951ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಅವರ ಹೆಸರು ಸೂಚಿತವಾಗಿತ್ತು. 1952ನೆಯ ಇಸವಿ ಮೇ 6ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ ಅವರು ಕಣ್ಮುಚ್ಚಿದರು. ಮೃತರಾದ ಊರಿನಲ್ಲಿಯೇ ಅವರ ಸಮಾಧಿಯಿದೆ.

ನಮಗೆ ದೊರೆಯುವ ಪಾಠ

ಶಿಕ್ಷಕಿಯಾಗಲಾರೆನೆಂದು ಹೊರಟವರು ಶಿಕ್ಷಕರ ಶಿಕ್ಷಕಿಯಾದರು. ಪ್ರಮಾಣಪತ್ರವಿಲ್ಲದ ತರುಣಿಯ ತರಗತಿಯಲ್ಲಿ ಮಗುವಿನ ರಹಸ್ಯವನ್ನು ಕಂಡವರೇ ಮುಂದೆ ಕಟ್ಟುನಿಟ್ಟಾದ ಪರೀಕ್ಷೆಯೊಂದನ್ನು ರೂಪಿಸಿದರು. ಮೇಲ್ನೋಟಕ್ಕೆ ಇವು ಪರಸ್ಪರ ವಿರೋಧವೆಂದು ತೋರಬಹುದು. ಒಳಹೊಕ್ಕು ನೋಡಿದರೆ ಅಲ್ಲಿರುವುದು ಒಂದೇ ಎಳೆ. ಸ್ಯಾನ್ ಲೊರೆಂಜೊದ ತರುಣಿಯ ಬೆನ್ನ ಹಿಂದೆ ಪ್ರತಿಯೊಂದು ವರದಿಯನ್ನೂ ಅರ್ಥಮಾಡಿಕೊಳ್ಳಬಲ್ಲ ಒಬ್ಬ ಮಾಂಟೆಸೊರಿ ಇದ್ದರು. ಊರೂರಿನ ಶಾಲೆಗೂ ಅಂಥವರು ಹೋಗಿ ನಿಲ್ಲುವುದು ಸಾಧ್ಯವಿಲ್ಲವಾದ್ದರಿಂದ ಆ ನೋಟವನ್ನು ಶಿಕ್ಷಕರಲ್ಲಿಯೇ ಬೆಳೆಸಬೇಕಾಗಿತ್ತು. ತರಬೇತಿಯೂ ಪರೀಕ್ಷೆಯೂ ಅದಕ್ಕಾಗಿ ಏರ್ಪಟ್ಟ ಸಾಧನಗಳು.

ನಮ್ಮ ಶಾಲೆಗಳಲ್ಲಿ ಓದಿ ಹೊರಬಂದು ಶಿಕ್ಷಕ ವೃತ್ತಿಯನ್ನು ಅರಸುತ್ತಿರುವ ತರುಣರು ಅರ್ಹತಾ ಪರೀಕ್ಷೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ವಿಷಯವನ್ನು ತಿಳಿಯದವನು ಕಲಿಸಲಾರನು. ಅದನ್ನು ತಿಳಿದಿದ್ದಾನೆಯೇ ಎಂದು ಸಮಾಜ ಕೇಳುವುದು ನ್ಯಾಯವೇ ಆಗಿದೆ. ಬಡವರ ಮಗುವಿನ ಮುಂದೆ ನಿಲ್ಲುವ ಶಿಕ್ಷಕನು ಅನರ್ಹನಾದರೆ ಆ ಮಗುವಿಗೆ ಬೇರೆ ಗತಿಯಿಲ್ಲ. ಆದರೆ ಪುಸ್ತಕದೊಡನೆ ಕಳೆಯುವ ತಿಂಗಳುಗಳಲ್ಲಿ ಕೆಲವು ಗಂಟೆಗಳನ್ನಾದರೂ ಸಮೀಪದ ಅಂಗನವಾಡಿಯಲ್ಲಿಯೋ ಪ್ರಾಥಮಿಕ ಶಾಲೆಯಲ್ಲಿಯೋ ಅನುಮತಿ ಪಡೆದು ಒಂದು ಮೂಲೆಯಲ್ಲಿ ಕುಳಿತು, ಬಾಯಿ ಮುಚ್ಚಿ, ಒಂದು ಮಗುವನ್ನು ನೋಡುತ್ತ ಕಳೆಯುವುದು ಒಳಿತು. ಶಿಶುವಿಕಾಸದ ಅಧ್ಯಾಯ ಆಗ ಕಂಠಪಾಠದ ವಿಷಯವಾಗಿ ಉಳಿಯದೆ ಕಣ್ಣಮುಂದಿನ ಸಂಗತಿಯಾಗುತ್ತದೆ. ಪರೀಕ್ಷೆಯ ಉತ್ತರಕ್ಕೂ ಅದರಿಂದ ನಷ್ಟವಾಗದು. ಈಗಾಗಲೇ ಪ್ರಮಾಣಪತ್ರ ಪಡೆದು ವರ್ಷಗಟ್ಟಲೆ ಪಾಠ ಹೇಳುತ್ತ ಬಂದಿರುವ ನಮ್ಮಂತಹ ಶಿಕ್ಷಕರಿಗೂ ಆ ಮೂಲೆಯ ಸ್ಥಾನ ಅಗೌರವದ್ದಲ್ಲ.